ಷರಾ ಬರೆಯುವವನ ಮನೆ

ಬೇರೆಯವರ ಮನೆಯೊಳಗೆ ಕಾಲಿಟ್ಟ ಕೂಡಲೇ ಕುರ್ಚಿ ಎಷ್ಟಿವೆ ಎಂದು ಎಣಿಸುವುದು ಅವನ ಕಣ್ಣಿಗೆ ಅಂಟಿದ ಚಾಳಿ. ಎಂಟು ವರ್ಷದಿಂದ ಅದೇ ಅವನ ಹೊಟ್ಟೆಪಾಡು. ಆದರೆ ಅವತ್ತು ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಇನ್ನೂ ಮುಖ ಕೂಡ ತೊಳೆಯದೆ, ತನ್ನದೇ ಮನೆಯ ಕುರ್ಚಿಗಳನ್ನು ಎಣಿಸುತ್ತಿದ್ದೇನೆ ಎಂದು ಗೊತ್ತಾದಾಗ ಅವನ ಬಾಯೆಲ್ಲ ಕಹಿಯಾಯಿತು. ಎರಡು ಕುರ್ಚಿ. ಒಂದರ ಕಾಲು ಅಲ್ಲಾಡುತ್ತಿತ್ತು, ಒಳ್ಳೆಯದೇ ಆಯಿತು. ಹೆಂಡತಿಯ ಹೊಲಿಗೆ ಯಂತ್ರ ದುಡಿಮೆಯ ಸಾಧನ, ಅದನ್ನು ಆಸ್ತಿಗೆ ಸೇರಿಸುವಂತಿಲ್ಲ, ನಿಯಮ ಹಾಗಿದೆ. ಗೋಡೆಯ ಮೇಲೆ ಗಡಿಯಾರ. ಐದು ವರ್ಷದ ಸೇವೆ ಮುಗಿದಾಗ ಸಂಸ್ಥೆಯವರೇ ಚಪ್ಪಾಳೆ ತಟ್ಟಿ ಕೊಟ್ಟದ್ದು, ಅಂಚಿಗೆ ಚಿನ್ನದ ಬಣ್ಣ ಬಳಿದ, ಊಟದ ತಟ್ಟೆಯಷ್ಟು ಅಗಲದ ಗಡಿಯಾರ. ನೋಡುವುದಕ್ಕೆ ಭಾರಿ, ಕೈಗೆತ್ತಿಕೊಂಡರೆ ಹಗುರ. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ ಎಂದುಕೊಂಡು ಕಣ್ಣನ್ನು ಮುಂದಕ್ಕೆ ತಳ್ಳಿದ. ಏನು ಹಾಗೆ ನೋಡುತ್ತಿದ್ದೀರಿ, ಹೊಸ ಮನೆಗೆ ಬಂದವರ ಹಾಗೆ, ಎಂದು ಹೆಂಡತಿ ಒಲೆಯ ಮುಂದಿನಿಂದ ಕೇಳಿದಳು. ಏನಿಲ್ಲ ಎಂದ. ಏನಿಲ್ಲ ಎನ್ನುವುದು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎಂದು ಅವನಿಗೇ ಹೇಸಿಗೆಯಾಯಿತು.

ಅವತ್ತು ನಾಲ್ಕು ಗಂಟೆಗೆ ಅವನ ಮನೆಗೇ ತನಿಖೆ ಬರುವುದಿತ್ತು. ಬಾಡಿಗೆ ಕಟ್ಟಲಾಗದೆ ಒದ್ದಾಡುವವರ ಬಾಕಿಯನ್ನು ನೇರವಾಗಿ ಮನೆ ಓನರ್ ಹೆಸರಿಗೆ ಚೆಕ್ ಬರೆದು ತೀರಿಸುವ ಸಂಸ್ಥೆ ಅದು. ಅರ್ಜಿ ಹಾಕಿದವರ ಮನೆಗೆ ಹೋಗಿ, ಇವರು ನಿಜಕ್ಕೂ ಬಡವರೋ ಬಡತನದ ವೇಷ ಹಾಕಿದವರೋ ಎಂದು ನೋಡಿ, ಅರ್ಜಿಯ ಕೊನೆಯ ಚೌಕದಲ್ಲಿ ಷರಾ ಬರೆಯುವುದು ಅವನ ಕೆಲಸ. ಆ ಚೌಕ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ; ನಾಲ್ಕು ಪದ ಬರೆದರೆ ತುಂಬಿಹೋಗುತ್ತದೆ. ಆ ನಾಲ್ಕು ಪದದಲ್ಲಿ ಒಂದು ಸಂಸಾರ ಒಳಗಿರುತ್ತದೋ ಬೀದಿಗೆ ಬೀಳುತ್ತದೋ ತೀರ್ಮಾನವಾಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಬೆನ್ನ ಹಿಂದೆ ಆಡಿಕೊಂಡದ್ದು ಅವನ ಕಿವಿಗೂ ಬಿದ್ದಿತ್ತು. ಕೋಪ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು. ಕೊಡಿ ಎಂದು ಬರೆದರೂ ಬೇಡ ಎಂದು ಬರೆದರೂ ಅರ್ಜಿಯೊಂದಕ್ಕೆ ಕೂಲಿ ಒಂದೇ. ಹಾಗಾಗಿ ತನ್ನಷ್ಟು ನಿಷ್ಪಕ್ಷಪಾತಿ ಇನ್ನೊಬ್ಬನಿಲ್ಲ ಎಂದು ಅವನು ನಂಬಿದ್ದ. ಹೋದ ವರ್ಷದಿಂದ ಸಂಸ್ಥೆಗೆ ದಾನ ಬರುವುದು ಕಮ್ಮಿಯಾಗಿ, ಅರ್ಜಿ ತೆಗೆದುಕೊಳ್ಳುವುದು ಕಮ್ಮಿಯಾಗಿ, ಅವನ ಕೂಲಿಯೂ ಸೊರಗಿತು. ಹೆಂಡತಿಗೆ ಹೊಲಿಗೆ ಕೊಡುತ್ತಿದ್ದ ಅಂಗಡಿ ಬಾಗಿಲು ಹಾಕಿತು. ನಾಲ್ಕು ತಿಂಗಳಾಯಿತು ಬಾಡಿಗೆ ನಿಂತು. ಮೇಲಿನ ಮಹಡಿಯ ಓನರ್ ಕೂಗಾಡುವ ಜಾತಿಯವನಲ್ಲ. ಮೊದಲ ತಿಂಗಳು ಮಾತು ನಿಲ್ಲಿಸಿದ. ಎರಡನೆಯ ತಿಂಗಳು ಮೆಟ್ಟಿಲ ಕೆಳಗಿನ ಬಲ್ಬು ಬಿಚ್ಚಿಕೊಂಡು ಹೋದ. ಮೂರನೆಯ ತಿಂಗಳಿಂದ, ಮನೆಯಲ್ಲಿ ಗಂಡಸೇ ಇಲ್ಲವೇನೋ ಎಂಬಂತೆ, ಹೇಳುವುದನ್ನೆಲ್ಲ ಅವನ ಹೆಂಡತಿಗೆ ಹೇಳತೊಡಗಿದ. ಮೊನ್ನೆ ಹೇಳಿದ್ದು ಇಷ್ಟು: ತಿಂಗಳ ಕೊನೆಗೆ ಬಾಕಿ ಬರದಿದ್ದರೆ ಒಂದನೇ ತಾರೀಖು ಬೇರೆಯವರು ಬರುತ್ತಾರೆ, ಅಡ್ವಾನ್ಸ್ ಕೂಡ ಕೊಟ್ಟಾಗಿದೆ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ.

ಸಿಬ್ಬಂದಿಗೆ ನೆರವು ಕೊಡಬಾರದು ಎಂಬ ನಿಯಮವಿತ್ತು. ಆ ನಿಯಮ ತನ್ನನ್ನು ಅಡ್ಡಗಟ್ಟುತ್ತದೆ ಎಂದು ಅವನಿಗೆ ಭಯವಿದ್ದಂತೆ, ಅದೇ ನಿಯಮ ತನ್ನ ಮಾನ ಕಾಯುತ್ತದೆ ಎಂಬ ಧೈರ್ಯವೂ ಇತ್ತು. ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯ. ಅವನು ಅರ್ಜಿ ಹಿಡಿದು ಹೋದಾಗ ಕೂರಿಸಿ, ಕನ್ನಡಕ ಒರೆಸಿಕೊಂಡು, ಮೇಜಿನ ಮೇಲಿನ ನಿಯಮದ ಪುಸ್ತಕವನ್ನು ತೆರೆಯದೆಯೇ ಪಕ್ಕಕ್ಕಿಟ್ಟರು. "ನಿಮಗೆ ಅದು ತಾಗಲ್ಲ ಬಿಡಿ. ನೀವು ಸಿಬ್ಬಂದಿ ಎಲ್ಲಿ? ಅರ್ಜಿ ಲೆಕ್ಕದ ಮೇಲೆ ಬರೋರು" ಎಂದರು. ಉಪಕಾರ ಮಾಡುವ ದನಿಯಲ್ಲೇ ಹೇಳಿದರು. ಎಂಟು ವರ್ಷ ನೆಂಟರಿಷ್ಟರ ಮುಂದೆಲ್ಲ ಆಫೀಸಿನವನು ಎಂದು ಹೇಳಿಕೊಂಡು ತಿರುಗಿದವನು ಎದ್ದು, ಕೈಮುಗಿದು, ಹೊರಗೆ ಬಂದ. ಹಾಗಾದರೆ ಅಷ್ಟು ದೊಡ್ಡ ಗಡಿಯಾರ ಯಾವ ಸೇವೆಗೆ ಕೊಟ್ಟಿರಿ ಎಂದು ಕೇಳಬೇಕೆನಿಸಿತ್ತು. ಸಾಲದ್ದಕ್ಕೆ, ನಿಮ್ಮ ಅರ್ಜಿಯನ್ನು ನೀವೇ ನೋಡುವ ಹಾಗಿಲ್ಲವಲ್ಲ, ಹೊಸಬಳನ್ನು ಕಳಿಸುತ್ತೇನೆ ಎಂದು ಅವರು ಹಿಂದಿನಿಂದ ಕೂಗಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಅರ್ಜಿದಾರರೆಲ್ಲ ತಲೆ ಎತ್ತಿದರು. ಅವರಲ್ಲಿ ಒಬ್ಬಾಕೆ, ಅವನಿಗಾಗಿಯೇ, ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಬಿಟ್ಟಳು.

ತನಿಖೆಯ ದಿನ ಬೆಳಿಗ್ಗೆ ಅವನ ಪಾಲಿಗೆ ಒಂದೇ ಮನೆಯಿತ್ತು. ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹೆಂಗಸು. ಕೆಲಸ ಹೋಗಿ ಮೂರು ತಿಂಗಳು. ಅವಳು ಸೆರಗಿನಿಂದ ಕುರ್ಚಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮಾಮೂಲಿನಂತೆ ಅವನು ಗೋಡೆ, ಅಟ್ಟ, ಪಾತ್ರೆಯ ಸಾಲು ನೋಡಬೇಕಿತ್ತು. ಕಣ್ಣು ಏಳಲಿಲ್ಲ. ಇವಳ ಜಾಗದಲ್ಲಿ ಸಂಜೆ ನನ್ನ ಹೆಂಡತಿ ನಿಂತಿರುತ್ತಾಳೆ, ಹೀಗೇ ಒರೆಸುತ್ತಾಳೆ ಎಂಬುದು ಬಿಟ್ಟರೆ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಏನನ್ನೂ ನೋಡದೆ, ಮೊಣಕಾಲ ಮೇಲೆಯೇ ಅರ್ಜಿಯಿಟ್ಟು ಬರೆದ: ಅರ್ಹರು, ತಕ್ಷಣ ನೆರವು ಅಗತ್ಯ. ಬರೆದ ಮೇಲೆ ತನ್ನ ಬುದ್ಧಿ ತನಗೇ ಹೊಳೆದು ನಾಚಿಕೆಯಾಯಿತು. ಇದು ಕರುಣೆಯಲ್ಲ, ಲಂಚ. ನಾನು ಇವಳಿಗೆ ಬರೆದರೆ ಮೇಲಿರುವ ದೇವರು ನನಗೆ ಬರೆಯುತ್ತಾನೆ ಎಂಬ ಲೆಕ್ಕಾಚಾರ. ಹಾಗೆ ನೋಡಿದರೆ ಎಂಟು ವರ್ಷದ ಲೆಕ್ಕವೂ ಮೇಲಿನವನ ಹತ್ತಿರ ಇದ್ದೇ ಇರುತ್ತದೆ ಎನ್ನುವುದು ನೆನಪಾಗಿ ಬೇಗ ಎದ್ದ. ಹೆಂಗಸು ಬಾಗಿಲವರೆಗೂ ಬಂದು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು. ಅವನು ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ತಪ್ಪಿ ಗೋಡೆ ಹಿಡಿದುಕೊಂಡ.

ಹೊಸಬಳು ಎಂದು ಕರೆಯುವುದೇ ಹೊರತು ಅವಳು ಸಂಸ್ಥೆಗೆ ಬಂದು ಎರಡು ವರ್ಷವಾಗಿತ್ತು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕಮ್ಮಿ, ನೋಟ ಜಾಸ್ತಿ. ಬಂದ ಮೊದಲ ವಾರ ಅವನ ಹಿಂದೆಯೇ ಮನೆಮನೆ ಸುತ್ತಿ ಕೆಲಸ ಕಲಿತವಳು. ಬಾಯಿ ನೋಡಬೇಡ, ಗೋಡೆ ನೋಡು. ಅದು ಅವನು ಹೇಳಿಕೊಟ್ಟ ಮೊದಲ ಪಾಠ. ತನಿಖೆ ಬರುತ್ತದೆ ಎಂದು ಗೊತ್ತಾದರೆ ಜನ ಸಾಮಾನು ಸಾಗಿಸಿಬಿಡುತ್ತಾರೆ. ಆದರೆ ವರ್ಷಗಟ್ಟಲೆ ಏನಾದರೂ ತೂಗುಹಾಕಿದ್ದ ಜಾಗಕ್ಕೆ ಹೊಗೆ ಧೂಳು ತಾಗಿರುವುದಿಲ್ಲ, ಅಲ್ಲಿ ಸುಣ್ಣ ಬೆಳ್ಳಗೆ ಉಳಿದಿರುತ್ತದೆ. ಆ ಬಿಳಿ ಗುರುತು ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೇ. ಇದನ್ನು ಹೇಳಿ ಅರ್ಧ ಗಂಟೆಯಾಗಿರಲಿಲ್ಲ, ಪಾಠಕ್ಕೆ ಉದಾಹರಣೆ ಸಿಕ್ಕಿದ ಹಾಗೆ ಡ್ರಾಯಿಂಗ್ ಮೇಷ್ಟ್ರ ಮನೆ ಸಿಕ್ಕಿತು. ನಿವೃತ್ತರಾದ ಮುದುಕ, ಒಂಟಿ ಜೀವ, ಒಂದೇ ಕೋಣೆ. ಇಬ್ಬರಿಗೂ ಎರಡು ಕಪ್ಪಿನಲ್ಲಿ ಟೀ ಕೊಟ್ಟು ತಾವು ಕುಡಿಯದೆ ನಿಂತಿದ್ದರು; ಮೂರನೆಯ ಕಪ್ಪು ಇರಲಿಲ್ಲ ಎಂದು ಈಗ ಹೊಳೆಯುತ್ತದೆ. ಮಂಚದ ಮೇಲುಗಡೆ ಗೋಡೆಯಲ್ಲಿ ಬಿಳಿ ಚೌಕ. ಇಲ್ಲೇನಿತ್ತು ಎಂದು ಅವನು ಕೇಳಿದ. ಏನೂ ಗೊತ್ತಿಲ್ಲದವನ ಹಾಗೆ, ಕೊನೆಯ ಪದವನ್ನು ಸ್ವಲ್ಪ ಎಳೆದು ಕೇಳುವ ಒಂದು ರಾಗವಿತ್ತು ಅವನಲ್ಲಿ. ಹೆಂಡತಿಯ ಫೋಟೋ ಸಾರ್, ಗಾಜು ಒಡೆಯಿತು, ಹಾಕಿಸಲು ಕೊಟ್ಟಿದ್ದೇನೆ, ಎಂದರು ಮೇಷ್ಟ್ರು. ಅವನು ಕಪ್ಪಿನ ಮೇಲಿನಿಂದ ಹೊಸಬಳ ಕಡೆ ನೋಡಿ ಮುಗುಳ್ನಕ್ಕ. ನೋಡಿದೆಯಾ, ಹೇಳಿದ್ದೆನಲ್ಲ, ಎನ್ನುವ ನಗು. ಆಮೇಲೆ ಚೌಕದಲ್ಲಿ ಬರೆದ: ವಸ್ತು ಬಚ್ಚಿಟ್ಟ ಅನುಮಾನ ಇದೆ.

ಒಂದೂವರೆ ತಿಂಗಳ ಮೇಲೆ ಅದೇ ಬೀದಿಯಲ್ಲಿ ಹೋಗುತ್ತಿದ್ದಾಗ ಮೇಷ್ಟ್ರ ಮಂಚ ರಸ್ತೆ ಬದಿಯಲ್ಲಿತ್ತು. ಒಂದು ಟ್ರಂಕು, ಸುರುಳಿ ಸುತ್ತಿ ಕಟ್ಟಿದ ಚಿತ್ರಗಳ ಕಟ್ಟು, ಎರಡು ಕಪ್ಪು. ಟ್ರಂಕಿಗೆ ಒರಗಿಸಿದ್ದ ಫೋಟೋ. ಹೊಸ ಗಾಜಿನ ಮೇಲೆ ಬಿಸಿಲು ಎಷ್ಟು ಜೋರಾಗಿ ಬಿದ್ದಿತ್ತೆಂದರೆ ಹೆಂಗಸಿನ ಮುಖ ಕಾಣಲಿಲ್ಲ. ಮೇಷ್ಟ್ರು ಗಾಡಿ ಹುಡುಕಲು ಹೋಗಿದ್ದರೋ ಏನೋ, ಅಲ್ಲಿರಲಿಲ್ಲ. ಇನ್ನೊಂದು ನಿಮಿಷ ನಿಂತಿದ್ದರೆ ಬರುತ್ತಿದ್ದರು. ಅವನು ಬಂದ ದಾರಿಯಲ್ಲೇ ತಿರುಗಿದ. ಆ ದಿನದಿಂದ ಆ ಬೀದಿ ಬಿಟ್ಟು ಸುತ್ತುಬಳಸಿ ಓಡಾಡುತ್ತಾನೆ. ಹೆಂಡತಿ ಕೇಳಿದಾಗ ರಸ್ತೆ ಅಗೆದಿದ್ದಾರೆ ಎಂದಿದ್ದ. ಎರಡು ವರ್ಷದಿಂದ ಅಗೆಯುತ್ತಲೇ ಇದ್ದಾರಾ, ಪಾತಾಳಕ್ಕೆ ದಾರಿ ಮಾಡುತ್ತಿದ್ದಾರಾ, ಎಂದು ಅವಳು ಮೊನ್ನೆ ನಕ್ಕಿದ್ದಳು. ಅವಳಿಗೆ ಬೇರೆ ಮನೆಗಳ ಕಥೆಗಳನ್ನೆಲ್ಲ ಹೇಳಿದ್ದ. ಊಟಕ್ಕೆ ಕೂತಾಗ ಅವಳನ್ನು ನಗಿಸಲು ಅವನ ಹತ್ತಿರ ಇದ್ದ ಬಂಡವಾಳ ಅದೊಂದೇ: ಇಂಥವರ ಮನೆಯಲ್ಲಿ ಹಾಸಿಗೆಯ ಕೆಳಗೆ ರೇಡಿಯೋ ಹಾಡುತ್ತಿತ್ತು, ಇಂಥವರ ಮನೆಯಲ್ಲಿ ಲೋಲಕದ ಗಡಿಯಾರ ಕಂಡು ಬೇಡ ಎಂದು ಬರೆದೆ. ಮೇಷ್ಟ್ರ ಕಥೆ ಮಾತ್ರ ಹೇಳಿರಲಿಲ್ಲ. ಅದನ್ನು ಹೇಳಬಾರದೆಂದು ಗೋಡೆಯ ಗುರುತಿನ ಮಾತನ್ನೇ ಮನೆಯಲ್ಲಿ ಎತ್ತಿರಲಿಲ್ಲ. ಹೀಗೆ ಅವನ ವಿದ್ಯೆಯಲ್ಲಿ ಅರ್ಧ ಮಾತ್ರ ಹೆಂಡತಿಗೆ ಬಂದಿತ್ತು. ಏನನ್ನು ಬಚ್ಚಿಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಬಚ್ಚಿಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಮೂರು ಗಂಟೆಗೆ ಮನೆಗೆ ಬಂದಾಗ ಅವಳ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆಯಿತ್ತು. ಎಲ್ಲ ಸರಿ ಮಾಡಿದ್ದೇನೆ, ನೋಡಿ, ಎಂದಳು. ಒಳ್ಳೆಯ ಕುರ್ಚಿ ಇರಲಿಲ್ಲ. ದಾರದ ಮೇಲಿನ ಒಳ್ಳೆಯ ಸೀರೆ ಇರಲಿಲ್ಲ. ಎದುರಿನ ಗೋಡೆಯಲ್ಲಿ, ಒಲೆಯ ಹೊಗೆಗೆ ಕಂದಿದ ಸುಣ್ಣದ ನಟ್ಟನಡುವೆ, ತಟ್ಟೆಯಷ್ಟು ಅಗಲದ ಬಿಳಿ ವೃತ್ತವಿತ್ತು. ಅದರ ಒಳಗೊಂದು ಮೊಳೆ. ಮೂರು ವರ್ಷ ಆ ಗೋಡೆಯ ಮೇಲೆ ಕಣ್ಣು ಬೀಳದ ದಿನವಿರಲಿಲ್ಲ. ಆದರೂ ಅದು ಇಷ್ಟು ಕಪ್ಪಾಗಿದೆ ಎಂದು ಅವನಿಗೆ ಗೊತ್ತಾದದ್ದು ಈಗಲೇ. ಗಡಿಯಾರ ಎಲ್ಲಿ ಎಂದು ಕೇಳಿದಾಗ ತನ್ನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಅವನೂ ಎಣಿಸಿರಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಪಕ್ಕದ ಮನೆಯ ನರ್ಸ್ ಹತ್ತಿರ ಕೊಟ್ಟಿದ್ದಳು. ನರ್ಸ್ ಬೀಗ ಹಾಕಿಕೊಂಡು ಡ್ಯೂಟಿಗೆ ಹೋಗಿದ್ದಾಳೆ, ಐದು ಗಂಟೆಗೆ ಬರುತ್ತಾಳೆ. ಆ ಗಡಿಯಾರಕ್ಕೆ ಕವಡೆ ಕಿಮ್ಮತ್ತಿಲ್ಲ ಕಣೇ, ಅದು ಅಲ್ಲೇ ಇದ್ದಿದ್ದರೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ, ಎಂದು ಅವನು ಹಲ್ಲು ಕಚ್ಚಿದ.

"ನೀವೇ ಹೇಳಿದ್ರಲ್ಲ" ಎಂದಳು ಹೆಂಡತಿ. "ಗಡಿಯಾರ ನೋಡಿ ಬೇಡ ಅಂತ ಬರೆದೆ ಅಂತ. ನಕ್ಕೊಂಡು ಹೇಳಿದ್ರಿ. ನಾನೂ ನಕ್ಕೆ."

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಉಣ್ಣುವಾಗ ಪಕ್ಕದ ಎಲೆಗೂ ಬಡಿಸಿರುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಒಂದು ಕ್ಯಾಲೆಂಡರ್ ತಂದು ಮೊಳೆಗೆ ಸಿಕ್ಕಿಸಿದ. ಅದು ಸಣ್ಣದು, ಎರಡೂ ಪಕ್ಕದಲ್ಲಿ ಬಿಳಿ ವೃತ್ತ ಕಿವಿಗಳ ಹಾಗೆ ಹೊರಗೆ ಇಣುಕಿತು. ಮಸಿಬಟ್ಟೆ ತೆಗೆದುಕೊಂಡು ಅಂಚನ್ನು ಉಜ್ಜಿದ. ಸುಣ್ಣದ ಮೇಲೆ ಮಸಿ ಎಳೆದಂತಾಗಿ, ಈಗ ಅದು ಯಾರೋ ಬಚ್ಚಿಡಲು ಹೋಗಿ ಕೈಸೋತ ಜಾಗವೆಂದು ಕುರುಡನಿಗೂ ಗೊತ್ತಾಗುವಂತಿತ್ತು. ಬಟ್ಟೆ ಬಿಸಾಡಿ ಕೈ ತೊಳೆದುಕೊಂಡ. ಉಗುರಿನ ಸಂದಿಯ ಮಸಿ ಹೋಗಲಿಲ್ಲ.

ಹೊಸಬಳು ನಾಲ್ಕಕ್ಕೆ ಸರಿಯಾಗಿ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಅಲ್ಲಾಡುವ ಕುರ್ಚಿಯ ಮೇಲೆ ಅದು ಅಲ್ಲಾಡದಂತೆ ಕೂತಳು. ಹೆಂಡತಿ ಒಂದು ಲೋಟ ನೀರು ಕೊಟ್ಟಳು. ಟೀ ಕೊಡಬೇಡ ಎಂದು ಅವನೇ ಹೇಳಿದ್ದ. ಅದು ಇನ್ನೊಂದು ಲೆಕ್ಕ: ತೀರಾ ಏನೂ ಕೊಡದಿದ್ದರೆ ನಟನೆ, ಟೀ ಕೊಟ್ಟರೆ ಅನುಕೂಲಸ್ಥರು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಯಲ್ಲಿ ಎಷ್ಟು ಜನ, ದುಡಿಯುವವರು ಎಷ್ಟು, ಬಾಕಿ ಎಷ್ಟು ತಿಂಗಳು ಎಂದು ಅವಳು ಅರ್ಜಿ ನೋಡಿಕೊಂಡೇ ಕೇಳಿದಳು. ಅವಳಿಗೆ ಎಲ್ಲ ಗೊತ್ತಿರುವುದೇ. ಆದರೂ ಅವನು ಒಂದೊಂದಕ್ಕೂ ಎದ್ದು ನಿಂತ ವಿದ್ಯಾರ್ಥಿಯ ಹಾಗೆ ಉತ್ತರ ಕೊಟ್ಟ. ಪ್ರತಿ ಪ್ರಶ್ನೆಯ ಕೊನೆಗೂ ಅವಳು ಸಾರ್ ಎನ್ನುತ್ತಿದ್ದಳು. ಆ ಸಾರ್ ಬಿಟ್ಟುಬಿಟ್ಟರೆ ಸಾಕಿತ್ತು ಎನಿಸುತ್ತಿತ್ತು ಅವನಿಗೆ. ಪ್ರಶ್ನೆಗಳು ಮುಗಿದವು. ಅವಳು ತಲೆ ಎತ್ತಿದಳು, ನೀರು ಕುಡಿದಳು, ಗೋಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಲ್ಲೇನಿತ್ತು ಸಾರ್?"

ಅವನ ರಾಗ ಅದರಲ್ಲಿರಲಿಲ್ಲ. ಮೆಲ್ಲಗೆ, ಕೇಳದೆ ವಿಧಿಯಿಲ್ಲ ಎಂಬಂತೆ ಕೇಳಿದಳು. ಅವನು ಬಾಯಿ ತೆರೆಯುವುದರೊಳಗೆ ಹೆಂಡತಿ ಹೇಳಿಬಿಟ್ಟಳು, ಗಡಿಯಾರ, ರಿಪೇರಿಗೆ ಕೊಟ್ಟಿದ್ದೇವೆ. ಸಲೀಸಾಗಿ ಹೇಳಿದಳು. ಅವಳು ಎಂದೂ ನೋಡದ ಒಬ್ಬ ಮುದುಕನ ಮಾತು ಅವಳ ಬಾಯಲ್ಲಿ ಬಂತು. ಆ ಮುದುಕ ಹೇಳಿದ್ದು ನಿಜ, ಇವಳು ಹೇಳಿದ್ದು ಸುಳ್ಳು, ಅಷ್ಟೇ ವ್ಯತ್ಯಾಸ. ಅವನು ಹೊಸಬಳ ಮುಖದಲ್ಲಿ ಆ ನಗುವಿಗಾಗಿ ಕಾದ. ಒಂದು ಸಣ್ಣ ನಗು, ಲೋಟದ ಮೇಲಿನಿಂದ. ಅದು ಬಂದಿದ್ದರೆ ಒಂದು ರೀತಿ ಸಮಾಧಾನವಾಗುತ್ತಿತ್ತೇನೋ. ಬರಲಿಲ್ಲ.

"ಡ್ರಾಯಿಂಗ್ ಮೇಷ್ಟ್ರ ಮನೇಲೂ ಹೀಗೇ ಇತ್ತಲ್ಲ ಸಾರ್" ಎಂದಳು. ಅವನು ತನಗೆ ತಿಳಿಯದೆಯೇ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಉಗುರಿನ ಮಸಿಯನ್ನು ಬೆನ್ನ ಹಿಂದೆ ಮರೆಮಾಡಿದ. "ಅವರು ಹೇಳಿದ್ದು ನಿಜ. ಅವತ್ತು ಸಂಜೆ ನಾನು ಅಂಗಡಿಗೆ ಹೋಗಿ ನೋಡ್ದೆ. ಫೋಟೋ ಅಲ್ಲೇ ಇತ್ತು, ಚೌಕಟ್ಟು ಬಿಚ್ಚಿಟ್ಟಿದ್ರು. ನಿಮಗೆ ಹೇಳೋಣ ಅಂತ ಎರಡು ದಿನ ನಿಮ್ಮ ಮೇಜಿನ ಹತ್ರ ಬಂದು ನಿಂತೆ. ಬಾಯಿ ಬರಲಿಲ್ಲ. ಹೊಸಬಳು ಅಲ್ವಾ."

ಆ ಎರಡು ದಿನ ಅವನಿಗೆ ನೆನಪಿತ್ತು. ಏನಮ್ಮ ಎಂದಿದ್ದ, ಏನಿಲ್ಲ ಸಾರ್ ಎಂದಿದ್ದಳು. ಹೆಣ್ಣುಮಕ್ಕಳಿಗೆ ಈ ಕೆಲಸ ಕಷ್ಟ ಎಂದು ಕಾರ್ಯದರ್ಶಿಗಳ ಹತ್ತಿರ ಹೇಳಿಯೂ ಇದ್ದ. ಯಾವ ಮೇಷ್ಟ್ರು ಎಂದು ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು.

"ಅದಕ್ಕೇ ಈಗ ನಾನು ಎಲ್ಲಾ ಕಡೆ ಹೋಗಿ ನೋಡ್ತೀನಿ" ಎಂದಳು ಹೊಸಬಳು. "ಯಾವ ಅಂಗಡಿ ಸಾರ್?"

ಈಗ ಹೇಳಿಬಿಡಬಹುದಿತ್ತು. ಪಕ್ಕದ ಮನೆಯಲ್ಲಿದೆ, ನಾವೇ ತೆಗೆದಿಟ್ಟೆವು, ಅದು ಕವಡೆ ಬಾಳದ ಗಡಿಯಾರ, ನಿಮ್ಮ ಸಂಸ್ಥೆಯೇ ಕೊಟ್ಟದ್ದು. ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಅರ್ಥವಾದದ್ದನ್ನು ನಾಲ್ಕು ಪದದಲ್ಲಿ ಬರೆಯಬೇಕಲ್ಲ, ಆ ನಾಲ್ಕು ಪದ ಯಾವುವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂಬತ್ತು ದಿನ. ರಸ್ತೆ ಬದಿಯಲ್ಲಿ ತನ್ನ ಮಂಚ, ಹೊಲಿಗೆ ಯಂತ್ರ, ಅದಕ್ಕೊರಗಿಸಿದ ಗಡಿಯಾರ ಟಿಕ್ ಟಿಕ್ ಎನ್ನುತ್ತಿರುವುದು ಕಣ್ಣಿಗೆ ಕಟ್ಟಿತು. ಪೋಸ್ಟಾಫೀಸಿನ ಪಕ್ಕದ ಅಂಗಡಿ ಎಂದ. ಗಾಜೂ ಹಾಕುತ್ತಾರಲ್ಲ, ಅದೇನಾ ಎಂದು ಅವಳು ಕೇಳಿದಳು. ಅದೇ ಎಂದ. ಆ ಸುತ್ತಿಗೆಲ್ಲ ಇದ್ದದ್ದು ಅದೊಂದೇ ಅಂಗಡಿ. ಅವಳು ಬರೆದುಕೊಂಡಳು. ಷರಾದ ಚೌಕವನ್ನು ಖಾಲಿ ಬಿಟ್ಟು ಅರ್ಜಿಯನ್ನು ಮಡಚಿದಳು. ಇನ್ನೊಂದು ಮನೆಯಿದೆ, ಅದನ್ನು ಮುಗಿಸಿಕೊಂಡು ಆ ಕಡೆ ಹೋಗುತ್ತೇನೆ, ನಾಳೆ ಬೆಳಿಗ್ಗೆ ಬರೆದು ಕೊಡುತ್ತೇನೆ, ಎಂದು ಹೇಳಿ, ಹೋಗುವಾಗ ನೀರಿನ ಲೋಟವನ್ನು ತಾನೇ ತೆಗೆದುಕೊಂಡು ಹೋಗಿ ಒಲೆಯ ಪಕ್ಕದಲ್ಲಿಟ್ಟಳು.

ಹೊಸಬಳು ಮುಟ್ಟುವುದರೊಳಗೆ ಗಡಿಯಾರ ಅಂಗಡಿ ಸೇರಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತು ನರ್ಸ್ ಬರುವ ದಾರಿ ಕಾದರು. ಗೋಡೆಯ ಮೇಲೆ ಹೊತ್ತು ಹೇಳುವುದೇನೂ ಇರಲಿಲ್ಲವಾದ್ದರಿಂದ ಕಾಯುವುದು ಇನ್ನೂ ಕಷ್ಟವಾಯಿತು. ಹೊಸಬಳು ಒಂದು ಮನೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ ಎಂದು ಹೆಂಡತಿ ಕೇಳುತ್ತಲೇ ಇದ್ದಳು. ನಾನಾದರೆ ಅರ್ಧ ಗಂಟೆ, ಅವಳು ಒಂದು ಗಂಟೆ ತೆಗೆದುಕೊಳ್ಳುತ್ತಾಳೆ, ಸರಿಯಾಗಿ ನೋಡುತ್ತಾಳೆ, ಎಂದು ಅವನು ಹೇಳಿದ. ನರ್ಸ್ ಐದೂವರೆಗೆ ಬಂದಳು. ಬೀಗದ ಕೈ ಚೀಲದ ತಳಕ್ಕೆ ಹೋಗಿತ್ತು. ಗಡಿಯಾರ ಕಾದದ್ದಕ್ಕೆ ಸಂಬಳ ಕೊಡಿ ಎಂದು ತಮಾಷೆ ಮಾಡಿದಳು. ಅವನು ಅದನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿಯುವಾಗ, ಬಲ್ಬಿಲ್ಲದ ಮೆಟ್ಟಿಲ ಕೆಳಗೆ ಓನರ್ ಎದುರಾದ. ಗಂಟನ್ನು ನೋಡಿದ. ಮೂರು ತಿಂಗಳ ಮೇಲೆ ಮೊದಲ ಸಲ ಅವನೊಡನೆ ಮಾತಾಡಿದ.

"ಸಾಮಾನು ಈಗಿಂದಲೇ ಸಾಗಿಸ್ತಿದೀರಾ? ಒಳ್ಳೇದು. ಕೊನೇ ದಿನ ಗಡಿಬಿಡಿ ಆಗಲ್ಲ."

ಅವನು ಏನೋ ಒಂದು ನಕ್ಕು ದಾಟಿದ. ಹತ್ತಿರದ ದಾರಿಯೆಂದರೆ ಮೇಷ್ಟ್ರ ಬೀದಿ. ಸುತ್ತಿಕೊಂಡು ಹೋದರೆ ಹೊಸಬಳೇ ಮೊದಲು ಮುಟ್ಟುತ್ತಾಳೆ. ಎರಡು ವರ್ಷದಿಂದ ಯಾರೂ ಅಗೆಯದಿದ್ದ ಆ ರಸ್ತೆಗೆ ಅವನು ಕಾಲಿಟ್ಟ. ಮೇಷ್ಟ್ರ ಕೋಣೆಗೆ ಹಸಿರು ಬಣ್ಣ ಬಳಿದಿದ್ದರು. ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಮಂಚವಿದ್ದ ಜಾಗದಲ್ಲಿ ಯಾರದೋ ಸೈಕಲ್. ಗುರುತು ಎಂಬುದೇ ಇರಲಿಲ್ಲ, ಬೇಕಾದರೆ ಆ ಮುದುಕ ಇದ್ದದ್ದೇ ಸುಳ್ಳು ಎನ್ನಬಹುದಿತ್ತು. ಎಲ್ಲಿ ಹೋದರು ಎಂದು ಇಷ್ಟು ದಿನ ಒಮ್ಮೆಯೂ ವಿಚಾರಿಸಲಿಲ್ಲ; ಈಗಲೂ ನಿಂತು ಕೇಳಲು ಹೊತ್ತಿರಲಿಲ್ಲ. ಪಕ್ಕೆಲುಬಿಗೆ ಒತ್ತಿಕೊಂಡ ಗಡಿಯಾರ ಟವೆಲಿನೊಳಗಿಂದ ಒಂದೇ ಸಮ ಬಡಿಯುತ್ತಿತ್ತು. ಇಷ್ಟು ಗಟ್ಟಿಮುಟ್ಟಾಗಿ ನಡೆಯುವ ಗಡಿಯಾರವನ್ನು ಅವನು ಕಂಡೇ ಇರಲಿಲ್ಲ.

ಅಂಗಡಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿ ಕೂತಿದ್ದ. ಗೋಡೆ ತುಂಬ ಚೌಕಟ್ಟುಗಳು, ಗಡಿಯಾರಗಳು. ಒಂದೊಂದರದ್ದು ಒಂದೊಂದು ಹೊತ್ತು. ಅವಳು ಕಾಣಲಿಲ್ಲ. ಅವನಿಗೆ ಉಸಿರು ಬಂತು. ಟವೆಲು ಬಿಚ್ಚಿ ಗಡಿಯಾರವನ್ನು ಮೇಜಿನ ಮೇಲಿಟ್ಟ. ಯಾರಾದರೂ ಕೇಳಿದರೆ ಇದು ಹೋದ ವಾರವೇ ಬಂತು ಎಂದು ಹೇಳಬೇಕು ಎನ್ನುವುದನ್ನು ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಅದರ ಅಗತ್ಯ ಬೀಳಲಿಲ್ಲ.

"ದೊಡ್ಡದು, ಚಿನ್ನದ ಅಂಚು. ಇದೇ ಅಲ್ವಾ?" ಎಂದ ಅಂಗಡಿಯವನು. "ನಿಮಗೆ ಆಫೀಸಿನವರೇ ಕೊಟ್ಟದ್ದಂತೆ, ಅಲ್ಲೂ ಇಂಥದೇ ಒಂದಿದೆಯಂತೆ. ಆ ಅಮ್ಮ ಬಂದು ಹೋಗಿ ಗಂಟೆ ಆಯ್ತು. ತರ್ತಾರೆ, ತಗೊಂಡು ಇಟ್ಕೊಳಿ ಅಂದ್ರು."

ಹಾಗಾದರೆ ಇನ್ನೊಂದು ಮನೆ ಎಂಬುದು ಇರಲೇ ಇಲ್ಲ. ಅವನ ಮೆಟ್ಟಿಲಿಳಿದವಳು ನೇರವಾಗಿ ಇಲ್ಲಿಗೇ ಬಂದಿದ್ದಳು. ಅಂಗಡಿಯವನು ರಸೀದಿ ಪುಸ್ತಕ ಎಳೆದು, ಹರಿದ ಹಾಳೆಯ ಕೆಳಗಿನ ಕಾರ್ಬನ್ ಪ್ರತಿಯನ್ನು ತೋರಿಸಿದ. ಅವನ ಹೆಸರು, ಅವನ ವಿಳಾಸ, ಗೋಡೆ ಗಡಿಯಾರ ಒಂದು. ತಾರೀಖು ಹೋದ ಸೋಮವಾರದ್ದು. ಅಕ್ಷರ ಹೊಸಬಳದು, ಚಿಕ್ಕ ಚೌಕದಲ್ಲಿ ಹಿಡಿಸುವಂತೆ ಒತ್ತಾಗಿ, ಗುಂಡಗೆ ಬರೆಯುವುದನ್ನು ಅವನೇ ಹೇಳಿಕೊಟ್ಟಿದ್ದ.

"ಹಳೇ ತಾರೀಖು ಗೀರೀಖು ನಾನು ಹಾಕಲ್ಲ ಅಂದೆ" ಎಂದ ಅಂಗಡಿಯವನು, ತನ್ನ ಮರ್ಯಾದೆಯ ಪ್ರಶ್ನೆ ಎಂಬಂತೆ. "ಮೇಷ್ಟ್ರ ಫೋಟೋ ನೆನಪಿದೆಯಾ ಅಂದ್ರು. ನೆನಪಿಲ್ದೆ ಏನು? ದುಡ್ಡು ಹೊಂದಿಸಿ ತಿಂಗಳ ಮೇಲೆ ಗಾಜು ಹಾಕಿಸ್ಕೊಂಡು ಹೋದ್ರು, ಮಾರನೇ ದಿನ ಬೀದಿಲಿ ಇದ್ರು. ಯಾವನೋ ಪುಣ್ಯಾತ್ಮ ಅವರ ಮಾತು ನಂಬಲಿಲ್ಲವಂತೆ. ಆಮೇಲೆ ಪುಸ್ತಕ ಅವರ ಕೈಗೇ ಕೊಟ್ಟೆ, ಅವರೇ ಬರೆದ್ರು."

ಅವನು ಪುಸ್ತಕವನ್ನೇ ನೋಡುತ್ತಿದ್ದ. ಮನೆ ಉಳಿಯಿತು. ಅಷ್ಟು ಮಾತ್ರ ಸ್ಪಷ್ಟವಾಗಿತ್ತು. ನಾಳೆ ಷರಾ ಬೀಳುತ್ತದೆ, ಚೆಕ್ ಓನರ್ ಕೈಗೆ ಹೋಗುತ್ತದೆ, ಮೆಟ್ಟಿಲಿಗೆ ಬಲ್ಬು ಬರುತ್ತದೆ. ಸಂತೋಷವಾಗಬೇಕಿತ್ತು. ಅವಳು ಕುರ್ಚಿಯಲ್ಲಿ ಕೂತು ಗೋಡೆ ನೋಡಿದ ಆ ಬಹಳ ಹೊತ್ತಿನಲ್ಲಿ ಎಲ್ಲವನ್ನೂ ನೋಡಿಬಿಟ್ಟಿದ್ದಳು: ಸುಳ್ಳನ್ನು, ಮಸಿಯನ್ನು, ಇವನು ಈ ಗಂಟು ಹೊತ್ತು ಓಡಿಬರುವುದನ್ನು. ಅವಳು ಬೇಡ ಎಂದು ಬರೆದಿದ್ದರೆ ಅವಳನ್ನು ಬೈದುಕೊಂಡು ಬದುಕಬಹುದಿತ್ತು. ಈಗ ಬೈಯಲು ಯಾರೂ ಉಳಿಯಲಿಲ್ಲ.

"ಒಂದು ಕಡೆ ಮಾತ್ರ ಖಾಲಿ ಬಿಟ್ಟಿದಾರೆ ನೋಡಿ" ಎಂದು ಅಂಗಡಿಯವನು ಬೆರಳಿಟ್ಟು ತೋರಿಸಿದ. ರಸೀದಿಯ ಕೆಳಗೆ ಒಂದು ಸಣ್ಣ ಚೌಕ, ಅದರ ಮೇಲೆ ದೋಷ ಎಂದು ಅಚ್ಚಾಗಿತ್ತು. "ಏನು ಕೆಟ್ಟಿದೆ ಅಂತ ಕೇಳ್ದೆ. ನನಗೆ ಗೊತ್ತಿಲ್ಲ, ತರೋರೇ ಹೇಳ್ತಾರೆ, ಅಂದ್ರು. ಹೇಳಿ. ಏನಂತ ಬರೀಲಿ?"

ಪೆನ್ನು ಹಿಡಿದು ಕಾದ. ಮೇಜಿನ ಮೇಲೆ ಗಡಿಯಾರ ನಿರ್ಲಜ್ಜವಾಗಿ ನಡೆಯುತ್ತಿತ್ತು. ಮುಳ್ಳು ಹತ್ತರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಹನ್ನೆರಡಕ್ಕೆ. ಎಂಟು ವರ್ಷ ಊರವರ ಮನೆಗಳಿಗೆಲ್ಲ ನಿಂತ ನಿಲುವಿನಲ್ಲೇ ಪದ ಹುಡುಕಿ ಬರೆದವನಿಗೆ ಒಂದು ಪದ ಹೊಳೆಯಲಿಲ್ಲ. ಅಂಗಡಿಯವನು ಅವನ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದ. ಕಣ್ಣಿನ ಭೂತಗನ್ನಡಿ ತೆಗೆದಿಟ್ಟು, ಗಡಿಯಾರವನ್ನು ಬೋರಲು ಹಾಕಿ, ಹಿಂಬದಿಯ ಸೆಲ್ ಕಿತ್ತು ಡ್ರಾಯರಿನೊಳಗೆ ಹಾಕಿದ. ಸದ್ದು ನಿಂತಿತು.

"ನಿಂತಿದೆ ಅಂತ ಬರೀಲಾ?"

"ಬರೀರಿ" ಎಂದ ಅವನು.

ಅಂಗಡಿಯವನು ಬರೆದು, ಪುಸ್ತಕವನ್ನು ಅವನ ಕಡೆ ತಿರುಗಿಸಿ, ತಂದವರ ಸಹಿ ಎಂದಿದ್ದ ಜಾಗವನ್ನು ತೋರಿಸಿದ. ಅವನು ಮಸಿಯ ಉಗುರು ಕಾಣದಂತೆ ಬೆರಳು ಮಡಚಿಕೊಂಡು ಸಹಿ ಹಾಕಿದ.